ನಾಯಕತ್ವದ ವ್ಯಾಸಂಗ

ನಾಯಕನಾಗುವುದನ್ನು ಕಾಲೇಜಿನಲ್ಲಿ ಕಲಿಸಬಹುದೆ? ಹೀಗೆ ಕೇಳುವವರ ದನಿಯಲ್ಲಿ ಸಾಮಾನ್ಯವಾಗಿ ಕೊಂಚ ಹಾಸ್ಯವಿರುತ್ತದೆ. ನೀರಿಗಿಳಿಯದೆ ಈಜು ಬಂದೀತೆ ಎಂಬುದು ಅವರ ವಾದ. ಆದರೆ ಪದವೀಧರರಾದ ತರುಣ ತರುಣಿಯರು ತಮ್ಮ ಎರಡು ವರ್ಷಗಳನ್ನೂ, ಎಷ್ಟೋ ವೇಳೆ ಸಾಲ ತಂದ ಹಣವನ್ನೂ ಈ ವ್ಯಾಸಂಗಕ್ಕೆ ಒಪ್ಪಿಸುತ್ತಿರುವಾಗ, ಪ್ರಶ್ನೆಯನ್ನು ನಕ್ಕು ಬಿಡುವಂತಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು 1908ರಲ್ಲಿ ವ್ಯವಹಾರಾಡಳಿತದ ಶಾಲೆಯನ್ನು ತೆರೆಯಿತು. ಕಾನೂನಿನ ವಿದ್ಯಾರ್ಥಿಗಳು ಹಳೆಯ ಮೊಕದ್ದಮೆಗಳನ್ನು ಓದುವಂತೆ, ಸಂಸ್ಥೆಗಳಲ್ಲಿ ನಿಜವಾಗಿ ಒದಗಿದ ಬಿಕ್ಕಟ್ಟುಗಳನ್ನು ಓದಿ, 'ಆ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?' ಎಂಬುದಕ್ಕೆ ಉತ್ತರ ಹೇಳುವ ಪದ್ಧತಿ ಅಲ್ಲಿ ಬೆಳೆಯಿತು. 1961ರಲ್ಲಿ ಹಾರ್ವರ್ಡಿನ ಸಹಕಾರದಿಂದ ಹುಟ್ಟಿದ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಅದನ್ನೇ ಅನುಸರಿಸಿತು. ನಮ್ಮ ಬೆಂಗಳೂರಿನ ಸಂಸ್ಥೆ 1973ರಲ್ಲಿ ಆರಂಭವಾಯಿತು. ಈ ತರಗತಿಗಳಲ್ಲಿ ಲೆಕ್ಕಪತ್ರಕ್ಕಿಂತ ಹೆಚ್ಚಿನದೊಂದು ಲಾಭವುಂಟು. ತಾನು ಖಚಿತವೆಂದು ನಂಬಿದ ತೀರ್ಮಾನವನ್ನು ಪಕ್ಕದವನು ತರ್ಕದಿಂದ ಮುರಿದಾಗ, ಮುನಿಯದೆ ಕೇಳಿಸಿಕೊಳ್ಳುವ ಅಭ್ಯಾಸವೇ ಆ ಲಾಭ.

ವ್ಯಾಸಂಗದ ಇನ್ನೊಂದು ಮುಖ ಸಂಶೋಧನೆ. 1939ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದ ಕುರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ಎಂಬ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಹತ್ತು ವರ್ಷ ವಯಸ್ಸಿನ ಹುಡುಗರ ಚಿಕ್ಕ ಚಿಕ್ಕ ಕೂಟಗಳನ್ನು ಕಟ್ಟಿ, ಕೈಗೆಲಸ ಕೊಟ್ಟು, ಬಗೆಬಗೆಯ ಮುಂದಾಳುಗಳನ್ನು ನೇಮಿಸಿದರು. ಅಪ್ಪಣೆ ಮಾಡಿ ದುಡಿಸುವವನ ಕೂಟದಲ್ಲಿ, ಅವನು ಎದುರಿಗಿರುವ ತನಕ ಕೆಲಸ ಚೆನ್ನಾಗಿಯೇ ನಡೆಯಿತು. ಅವನು ಹೊರಗೆ ಹೋದೊಡನೆ ಕುಸಿಯಿತು. ಹುಡುಗರೊಡನೆ ಸಮಾಲೋಚಿಸಿ ನಡೆಸಿದವನ ಕೂಟದಲ್ಲಿ, ಅವನಿಲ್ಲದಾಗಲೂ ಕೆಲಸ ಸಾಗಿತು. ಮುಂದಾಳನ್ನು ಅಳೆಯಬೇಕಾದದ್ದು ಅವನು ಎದ್ದು ಹೋದ ಮೇಲೆ ಎಂಬುದು ಇದರಿಂದ ಹೊಳೆಯುವ ಮಾತು.

ಇದನ್ನು ಬಾಳಿನಲ್ಲಿ ತೋರಿಸಿದವರು ರವಿ ಮಥಾಯಿ. ಅಹಮದಾಬಾದಿನ ಸಂಸ್ಥೆಗೆ 1965ರಲ್ಲಿ ಮೊದಲ ಪೂರ್ಣಾವಧಿ ನಿರ್ದೇಶಕರಾಗಿ ಬಂದ ಅವರು, ಕೀರ್ತಿ ಏರುತ್ತಿದ್ದಾಗಲೇ 1972ರಲ್ಲಿ ತಾವಾಗಿ ಅಧಿಕಾರ ಬಿಟ್ಟು, ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ಉಳಿದರು. ಬಳಿಕ, 1975ರಿಂದ, ರಾಜಸ್ಥಾನದ ಬರಪೀಡಿತ ಜವಾಜಾ ಪ್ರದೇಶದ ನೇಕಾರರ ಮತ್ತು ಚರ್ಮಕಾರರ ನಡುವೆ ದುಡಿದರು. ಹೊರಗಿನವರ ಆಸರೆಯಿಲ್ಲದೆ ಆ ಜನ ತಮ್ಮ ವ್ಯವಹಾರವನ್ನು ತಾವೇ ನಡೆಸುವಂತಾಗಬೇಕೆಂಬುದು ಆ ಪ್ರಯೋಗದ ಗುರಿಯಾಗಿತ್ತು.

ಹಾಗಾದರೆ ಕಲಿಸಬಹುದೆ? ಧೈರ್ಯವನ್ನಾಗಲಿ ನಿಸ್ಪೃಹತೆಯನ್ನಾಗಲಿ ಯಾವ ಪಠ್ಯವೂ ಕೈಯಲ್ಲಿಡಲಾರದು. ಆದರೆ ಜನ ಏಕೆ ದುಡಿಯುತ್ತಾರೆ, ಏಕೆ ಮುದುಡುತ್ತಾರೆ ಎಂಬುದನ್ನು ಕಲಿಸಬಹುದು. ತನ್ನ ತೀರ್ಮಾನವನ್ನು ತಾನೇ ಸಂದೇಹಿಸುವುದನ್ನು ರೂಢಿಸಬಹುದು. ಈ ವ್ಯಾಸಂಗಕ್ಕೆ ಹೊರಟಿರುವ ತರುಣರು ಸಂಬಳವೆಷ್ಟೆಂದು ವಿಚಾರಿಸುವುದು ತಪ್ಪಲ್ಲ, ಸಾಲ ತೀರಬೇಕಷ್ಟೆ. ಅದರ ಜತೆಗೆ, 'ನಾನು ಕುರ್ಚಿ ಬಿಟ್ಟೆದ್ದ ಮರುದಿನ ಕೆಲಸ ನಿಲ್ಲದಂತೆ ಮಾಡುವುದನ್ನು ಇಲ್ಲಿ ಕಲಿಯುತ್ತೇನೆಯೆ?' ಎಂದೂ ಕೇಳಿಕೊಳ್ಳಲಿ. ಕಚೇರಿಯಿರಲಿ, ಸಹಕಾರ ಸಂಘವಿರಲಿ, ಊರ ಪಂಚಾಯಿತಿಯಿರಲಿ, ನಮಗೆ ಬೇಕಾಗಿರುವುದು ಅಂಥ ಮುಂದಾಳುಗಳೇ.