ಕಾಮಾಲೆಯೂ ಕೀಲುನೋವೂ



ಕಾಮಾಲೆಯಾದವರ ಕಣ್ಣು ಹಳದಿಯಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಆದರೆ ಪಿತ್ತಜನಕಾಂಗದ ರೋಗವೊಂದು ಕೆಲವರಲ್ಲಿ ಮೊದಲು ಕೀಲುಗಳಲ್ಲಿ ಕಾಣಿಸಿಕೊಳ್ಳುವುದುಂಟು. ಹೆಪಟೈಟಿಸ್ 'ಬಿ' ವೈರಾಣು ದೇಹವನ್ನು ಹೊಕ್ಕ ಕೆಲವರಿಗೆ, ಕಣ್ಣು ಹಳದಿಯಾಗುವ ಮುನ್ನವೇ ಬೆರಳುಗಳ ಗೆಣ್ಣು, ಮಣಿಕಟ್ಟು, ಮೊಣಕಾಲುಗಳು ಊದಿ ನೋಯುತ್ತವೆ. ಮೈಮೇಲೆ ದದ್ದುಗಳೂ ಏಳಬಹುದು. ವೈರಾಣುವಿನೊಡನೆ ಹೋರಾಡಲು ದೇಹವು ನಿರ್ಮಿಸಿದ ವಸ್ತುಗಳು ಅದರ ಕಣಗಳೊಡನೆ ಕೂಡಿ ಕೀಲುಗಳಲ್ಲಿ ತಂಗುವುದೇ ಇದಕ್ಕೆ ಕಾರಣ. ಕಾಮಾಲೆ ತೋರಿದ ಬಳಿಕ ಈ ನೋವು ಸಾಮಾನ್ಯವಾಗಿ ಇಳಿಯುತ್ತದೆ.

1989ರಲ್ಲಿ ಗುರುತಿಸಲ್ಪಟ್ಟ 'ಸಿ' ವೈರಾಣುವಿನ ರೀತಿ ಬೇರೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು, ಆಗಾಗ ಕೀಲುನೋವನ್ನು ಉಂಟುಮಾಡಬಲ್ಲದು. ಇಂಥವರ ರಕ್ತದಲ್ಲಿ 'ರುಮಟಾಯಿಡ್ ಫ್ಯಾಕ್ಟರ್' ಎಂಬ ಅಂಶವು ಅನೇಕ ವೇಳೆ ಕಂಡುಬರುವುದರಿಂದ, ಇದು ರುಮಟಾಯಿಡ್ ಸಂಧಿವಾತವೆಂದೇ ತಪ್ಪಾಗಿ ಭಾವಿಸುವ ಸಂಭವವಿದೆ. ಅಪಾಯವಿರುವುದು ಇಲ್ಲಿಯೇ. ಆ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯು ಮೊದಲೇ ಬಳಲಿರುವ ಪಿತ್ತಜನಕಾಂಗಕ್ಕೆ ಮತ್ತಷ್ಟು ಹಾನಿ ಮಾಡಬಲ್ಲದು. ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿಂದ, ಅಡಗಿ ಕುಳಿತ 'ಬಿ' ವೈರಾಣು ಮತ್ತೆ ತಲೆಯೆತ್ತಬಹುದು.

ನೋಯುವ ಕೀಲಿನೊಳಗೆ ಏನಾಗಿದೆ ಎಂಬುದನ್ನು ಅರಿಯಲು ಅಲ್ಟ್ರಾಸೌಂಡ್ ಪರೀಕ್ಷೆ ನೆರವಾಗುತ್ತದೆ. ಸ್ಕ್ಯಾನಿಂಗ್ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಗರ್ಭಿಣಿಯರ ನೆನಪಾಗುತ್ತದೆ. (ಗರ್ಭಸ್ಥ ಶಿಶುವಿನ ಲಿಂಗವನ್ನು ತಿಳಿಯಲು ಅದನ್ನು ಬಳಸುವುದು 1994ರ ಕಾಯಿದೆಯಂತೆ ಅಪರಾಧ.) ಅದೇ ಬಗೆಯ ಯಂತ್ರದಿಂದ ಕೀಲನ್ನೂ ನೋಡಬಹುದು. ಚರ್ಮಕ್ಕೆ ಲೋಳೆಯಂಥ ದ್ರವವನ್ನು ಸವರಿ ಸಣ್ಣ ಉಪಕರಣವೊಂದನ್ನು ಆಡಿಸುತ್ತಾರೆ. ಕಿವಿಗೆ ಕೇಳಿಸದ ಶಬ್ದದ ಅಲೆಗಳು ಒಳಹೊಕ್ಕು ಹಿಂದಿರುಗಿ ತೆರೆಯ ಮೇಲೆ ಚಿತ್ರವಾಗುತ್ತವೆ. ಕೀಲಿನಲ್ಲಿ ನೀರು ತುಂಬಿದೆಯೇ, ಒಳಪೊರೆ ದಪ್ಪವಾಗಿದೆಯೇ, ಅಲ್ಲಿ ರಕ್ತದ ಹರಿವು ಹೆಚ್ಚಿದೆಯೇ, ಮೂಳೆಯ ಅಂಚು ಸವೆದಿದೆಯೇ ಎಂಬುದನ್ನು ವೈದ್ಯರು ಗುರುತಿಸುತ್ತಾರೆ. ಕೈಯಿಂದ ಮುಟ್ಟಿದರೆ ತಿಳಿಯದ ಊತವೂ ಇದರಲ್ಲಿ ಕಾಣಬಹುದು. ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇಯಲ್ಲಿರುವಂಥ ವಿಕಿರಣವೂ ಇಲ್ಲ. ಆದರೆ ಈ ಚಿತ್ರದಲ್ಲಿ ವೈರಾಣು ಕಾಣುವುದಿಲ್ಲ. ಅದಕ್ಕೆ ರಕ್ತಪರೀಕ್ಷೆಯೇ ಆಗಬೇಕು.

ಮನೆಯಲ್ಲಿ ಒಬ್ಬರಿಗೆ ಈ ಸೋಂಕು ಇದೆಯೆಂದು ತಿಳಿದರೆ ಪತಿ ಪತ್ನಿಯರಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಇದು ಯಾರ ನಡತೆಯನ್ನೂ ಶಂಕಿಸುವ ಮಾತಲ್ಲ. ಶುದ್ಧಗೊಳಿಸದ ಸೂಜಿ, ಕ್ಷೌರದ ಅಲಗು, ಹಚ್ಚೆಯ ಸೂಜಿಗಳಿಂದಲೂ ಇದು ಹರಡುತ್ತದೆ. 'ಬಿ' ಸೋಂಕು ದಾಂಪತ್ಯ ಸಂಪರ್ಕದಿಂದಲೂ ತಾಯಿಯಿಂದ ಮಗುವಿಗೂ ತಗಲುತ್ತದೆ. ಸೋಂಕಿಲ್ಲದವರು ಲಸಿಕೆ ಪಡೆಯುವವರೆಗೆ ನಿರೋಧ್ ಬಳಸಬೇಕು. ಮಗುವಿಗೆ ಹುಟ್ಟಿದ 24 ಗಂಟೆಗಳೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. 'ಸಿ'ಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ 12 ಅಥವಾ 24 ವಾರಗಳ ಮಾತ್ರೆಗಳಿಂದ ಬಹುತೇಕ ರೋಗಿಗಳು ಪೂರ್ಣ ಗುಣ ಹೊಂದುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ.

ಕಾಮಾಲೆಗೆ ಬರೆ ಹಾಕಿಸುವುದು, ಕೀಲುನೋವಿಗೆ ಅಂಗಡಿಯ ಮಾತ್ರೆ ನುಂಗುವುದು ಎರಡೂ ಬೇಡ. ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳನ್ನೂ, ನಾಟಿ ಔಷಧಿ ಸೇವಿಸುತ್ತಿದ್ದರೆ ಅದನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿರಿ.