‘ಯಾವೂರ್ರಿ ನಿಮ್ಮದು?’
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



1941ರಲ್ಲಿ ಶುರುವಾದ ಇಲ್ಲಿನ ಟಾಟಾ ಆಸ್ಪತ್ರೆಗೆ ಇವತ್ತಿಗೂ ಕಲಬುರಗಿ, ಬೀದರ್, ವಿಜಯಪುರ ಕಡೆಯಿಂದ ನಮ್ಮ ಜನ ಬರುತ್ತಾರೆ. ಔಷಧಿಗೆ ನೀವು ಕೊಟ್ಟ ಹಣದ ಲೆಕ್ಕವನ್ನು ಖಜಾಂಚಿಯವರು ಹೇಳಿದ್ದಾರೆ. ನಾನು ಹೇಳುವುದು ಅವರ ಪಕ್ಕ ಕೂತು ಮಾತಾಡುವ ಕೆಲಸದ ಬಗ್ಗೆ.

ಆಪ್ತಸಮಾಲೋಚಕಿ ಎಂದರೆ ಅವರಿಗೆ ಕೇಳಿಸುವುದು ತಲೆ ಡಾಕ್ಟರ್ ಎಂದು. ‘ನಮ್ಮಾಕಿಗೇನು ಹುಚ್ಚು ಹಿಡಿದಿಲ್ರೀ’ ಎಂದು ಗಂಡ ಎದ್ದೇ ಬಿಡುತ್ತಾನೆ. ಹಾಗಾಗಿ ನಾನು ‘ಯಾವೂರ್ರಿ ನಿಮ್ಮದು?’ ಎಂದು ಶುರು ಮಾಡುತ್ತೇನೆ. ಈ ಸಲ ತೊಗರಿ ಹೇಗೆ, ಮನೆಯಲ್ಲಿ ದನ ನೋಡುವವರು ಯಾರು, ಇದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಅದು ಕಾಲಹರಣವಲ್ಲ, ಅವರು ನನ್ನನ್ನು ಪರೀಕ್ಷೆ ಮಾಡುವ ಹೊತ್ತು.

ಸ್ತನದ ಕ್ಯಾನ್ಸರಿನ ಒಬ್ಬ ತಾಯಿಗೆ ಹಿಂದಿ ಬಾರದು. ಡಾಕ್ಟರ ಮಾತನ್ನು ಕನ್ನಡಕ್ಕೆ ತಿಳಿಸುತ್ತಿದ್ದವನು ಮೈದುನ. ಅವನೆದುರು ಆಕೆ ಎಲ್ಲದಕ್ಕೂ ತಲೆಯಾಡಿಸಿದ್ದಳು. ಅವನು ಚಹಾಕ್ಕೆ ಹೋದಾಗ ನನ್ನ ಕೈ ಹಿಡಿದು ಕೇಳಿದಳು: ‘ಅಕ್ಕಾರ, ಇದು ಮಕ್ಕಳಿಗೆ ಅಂಟತೈತೇನ್ರಿ?’ ಅದೇ ಭಯದಿಂದ ಧರ್ಮಶಾಲೆಯಲ್ಲಿ ಆಕೆ ತನ್ನ ತಟ್ಟೆಯನ್ನೇ ಬೇರೆ ಇಟ್ಟುಕೊಂಡಿದ್ದಳು. ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ ಎಂದು ಆಕೆಯ ಭಾಷೆಯಲ್ಲಿ ಹೇಳಲು ಎರಡು ನಿಮಿಷ ಸಾಕಾಯಿತು.

ಆದರೆ ನಮ್ಮ ಭಾಷೆಯವರು ಎಂದಾಕ್ಷಣ ಎಲ್ಲರೂ ನಂಬುತ್ತಾರೆ ಎಂದುಕೊಳ್ಳಬೇಡಿ. ಮುಂಬಯಿಯಲ್ಲೇ ನೆಲೆಸಿದ ನಮ್ಮ ಕರಾವಳಿ ಕುಟುಂಬಗಳಲ್ಲಿ ಇದು ತಿರುಗುಮುರುಗು. ನಾನು ಯಾವ ಮನೆಯವಳೆಂದು ಗೊತ್ತಾದ ಕೂಡಲೇ ಬಾಯಿ ಮುಚ್ಚಿಕೊಂಡವರಿದ್ದಾರೆ. ಮರಾಠಿ ಸಮಾಲೋಚಕಿಯ ಹತ್ತಿರ ಎಲ್ಲ ಹೇಳಿಕೊಂಡ ಒಬ್ಬರು ನನಗೆ ಅಂದದ್ದು ಇಷ್ಟೇ: ‘ಸಂಘದವರಿಗೆ ಗೊತ್ತಾದರೆ ಮಗಳ ಸಂಬಂಧ ತಪ್ಪುತ್ತದೆ.’ ಅವರು ನೆರವಿನ ಅರ್ಜಿಯನ್ನೂ ಹಾಕಲಿಲ್ಲ. ಸಭೆಯಲ್ಲಿ ಹೆಸರು ಓದುವುದು, ಚೆಕ್ ಕೊಡುವ ಫೋಟೋ ಹಾಕುವುದು ನಮ್ಮಂಥ ಸಂಘಗಳ ವಾಡಿಕೆ. ದಾನಿಗಳಿಗೆ ಅದು ಲೆಕ್ಕ ಒಪ್ಪಿಸಿದ ಹಾಗೆ, ರೋಗಿಗೆ ಊರೆಲ್ಲ ಡಂಗುರ ಹೊಡೆದ ಹಾಗೆ.

ಅದಕ್ಕೇ ನನ್ನ ಬೇಡಿಕೆ. ಲೆಕ್ಕಪರಿಶೋಧಕರು ಪೂರ್ತಿ ಕಡತ ನೋಡಲಿ. ವಾರ್ತಾಪತ್ರದಲ್ಲಿ ಕಾಯಿಲೆ, ಊರು, ಮೊತ್ತ ಇಷ್ಟೇ ಬರಲಿ. ಊರು ಸಣ್ಣದಿದ್ದರೆ ಜಿಲ್ಲೆಯ ಹೆಸರು ಸಾಕು. ಕನ್ನಡ ಬಲ್ಲ ಇಬ್ಬರು ಮಹಿಳೆಯರಿಗೆ ತರಬೇತಿ ಕೊಡಿಸಿ, ವಾರಕ್ಕೆರಡು ದಿನದ ಓಡಾಟದ ಖರ್ಚನ್ನು ನಿಧಿಯಿಂದ ಕೊಡಿ. ರಾತ್ರಿ ಹೊತ್ತಿನ ಸಂಕಟಕ್ಕೆ ಸರಕಾರದ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ. ಆ ನಂಬರನ್ನು ನಮ್ಮ ಅರ್ಜಿ ನಮೂನೆಯ ಮೇಲೆಯೇ ಅಚ್ಚು ಹಾಕಿಸೋಣ.