ಕೊಳಗದ ಅಳತೆ, ಸಂಘದ ಲೆಕ್ಕ



ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದುದು ಒಂದು ಕೊಳಗದ ನಿಮಿತ್ತವಾಗಿ ಎಂಬುದು ತಮಗೆಲ್ಲ ವಿದಿತವಾದ ಸಂಗತಿ. ವರ್ಷವೆಲ್ಲ ಬೆವರಿಳಿಸಿ ಬೆಳೆದ ಭತ್ತವು ಒಡೆಯರ ದೊಡ್ಡ ಕೊಳಗದಲ್ಲಿ ಅಳೆಯಲ್ಪಟ್ಟು, ಕೊಳಗಕ್ಕಿಷ್ಟರಂತೆ ಹೆಚ್ಚಾಗಿ ಹೋಗುತ್ತಿರುವುದನ್ನು ಕಣದ ಅಂಚಿನಲ್ಲಿ ನಿಂತು ಮೌನವಾಗಿ ನೋಡುತ್ತಿದ್ದ ದೀವರ ಸಮುದಾಯದ ರೈತರನ್ನು ಎಚ್. ಗಣಪತಿಯಪ್ಪನವರು ಸಂಘಟಿಸಿದರು, ಗೋಪಾಲಗೌಡರೇ ಮೊದಲಾದ ಸಮಾಜವಾದಿಗಳು ಅವರೊಡನೆ ನಿಂತರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಆದರೆ ಗೇಣಿಪದ್ಧತಿ ರದ್ದಾದದ್ದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ರಂದು. ಆಮೇಲೂ ಉಳುವವನು 7ನೇ ನಮೂನೆಯ ಅರ್ಜಿ ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ತನ್ನ ಸಾಗುವಳಿಯನ್ನು ರುಜುವಾತುಪಡಿಸಬೇಕಾಯಿತು. ಸೆರೆಮನೆಗೆ ಹೋಗುವ ಧೈರ್ಯ ಕೆಲವು ದಿನಗಳದು. ಅಕ್ಷರವರಿಯದವನ ಪಕ್ಕದಲ್ಲಿ ಕುಳಿತು ಅರ್ಜಿ ಬರೆದುಕೊಟ್ಟು, ವಿಚಾರಣೆಯ ದಿನಾಂಕವನ್ನು ನೆನಪಿಟ್ಟು ಅವನೊಡನೆ ಪೇಟೆಗೆ ಹೋಗಿಬರುವ ತಾಳ್ಮೆ ವರ್ಷಗಳದು. ಸಂಘವೆಂಬುದು ಬೇಕಾಗುವುದು ಮುಖ್ಯವಾಗಿ ಈ ಎರಡನೆಯದಕ್ಕೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಅಳತೆಯ ಅನ್ಯಾಯದ ವಿರುದ್ಧ ಎದ್ದವರು ತಮ್ಮೊಳಗಿನ ಅಳತೆಯನ್ನು ಶುದ್ಧವಾಗಿಟ್ಟುಕೊಳ್ಳದಿದ್ದರೆ ಏನಾಗುವುದೆಂಬುದನ್ನು ನಾನು ಕಣ್ಣಾರೆ ಕಂಡವನು. ನಾನು ಸದಸ್ಯನಾಗಿದ್ದ ಸಂಘವೊಂದರ ಖರ್ಚಿನ ಪುಸ್ತಕದಲ್ಲಿ, ಧರಣಿಯ ತಿಂಗಳಿನ ಪುಟದ ಮೇಲೆ, ‘ಇತರೆ’ ಎಂಬ ಒಂದೇ ಮಾತಿನ ಎದುರು ಒಂದು ಮೊತ್ತ ಬರೆದಿತ್ತು. ಹಣ ಹೋದದ್ದು ಲಾರಿಯ ಬಾಡಿಗೆಗೂ ಅಕ್ಕಿಗೂ ಎಂಬುದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ; ಆದರೆ ರಸೀದಿ ಇರಲಿಲ್ಲ, ಕೇಳಿದವರಿಗೆ ಉತ್ತರ ಹೇಳುವ ಸಹನೆ ನಮಗಿರಲಿಲ್ಲ. ಲಾಠಿಗೆ ಅಂಜದೆ ನಿಂತಿದ್ದ ಸಂಘ ಆ ಒಂದು ಪದದಿಂದ ಒಡೆಯಿತು. ಅಂದು ಮೊದಲ್ಗೊಂಡು ಹೋದಲ್ಲೆಲ್ಲ ನಾನು ಬೇಡಿಕೊಳ್ಳುವುದಿಷ್ಟೆ: ಪ್ರತಿ ಸಭೆಯಲ್ಲೂ ಮೊದಲು ಲೆಕ್ಕವನ್ನು ಗಟ್ಟಿಯಾಗಿ ಓದಿರಿ, ಓದುವವರು ಖಜಾಂಚಿಯಲ್ಲದ ಮತ್ತೊಬ್ಬರಾಗಿರಲಿ.

1960ರ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ನೋಂದಣಿ ಸುಲಭ, ಎಂಟನೆಯವರನ್ನು, ಅದರಲ್ಲೂ ಹೆಂಗಸರನ್ನು, ಸಭೆಗೆ ಕರೆತರುವುದು ಕಷ್ಟ. ಸಂಜೆ ಏಳಕ್ಕೆ, ಒಲೆ ಉರಿಯುವ ಹೊತ್ತಿಗೆ ಸಭೆ ಕರೆದು, ತಾಯಂದಿರು ಬರಲಿಲ್ಲವೆಂದು ನಿಡುಸುಯ್ಯುವ ಕಾರ್ಯದರ್ಶಿಗಳನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಹೊತ್ತನ್ನು ಅವರೇ ಗೊತ್ತುಮಾಡಲಿ. ನಡಾವಳಿ ಬರೆಯುವ ಕೆಲಸವನ್ನು ಪ್ರತಿ ಸಲವೂ ಬೇರೊಬ್ಬರಿಗೆ, ವಿಶೇಷವಾಗಿ ಕಿರಿಯರಿಗೆ ಕೊಡಿರಿ. ತಪ್ಪು ಬರೆದರೆ ತಿದ್ದೋಣ. ಹಿರಿಯರೊಬ್ಬರ ನೆನಪಿನಲ್ಲಿ ಮಾತ್ರ ಉಳಿದಿರುವ ನಿರ್ಣಯಗಳು ಅವರು ಹಾಸಿಗೆ ಹಿಡಿದ ದಿನ ಯಾರ ಕೈಗೂ ಸಿಗಲಾರವು.

ತಾವೆಲ್ಲ ತಂತಮ್ಮ ಸಂಘದ ಲೆಕ್ಕದ ಪುಸ್ತಕವನ್ನೂ ನಡಾವಳಿಯ ಪುಸ್ತಕವನ್ನೂ ತರಬೇಕೆಂದು ಈ ಸಭೆಯ ಆಹ್ವಾನದಲ್ಲಿಯೇ ವಿನಂತಿಸಲಾಗಿತ್ತು. ದಯವಿಟ್ಟು ಅವನ್ನು ಮೇಜಿನ ಮೇಲೆ ತೆರೆದಿಡಿರಿ. ಮೊದಲನೆಯ ಗೋಷ್ಠಿಯಲ್ಲಿ ಪ್ರಬಂಧ ಮಂಡನೆಯಿಲ್ಲ. ಪಕ್ಕದಲ್ಲಿ ಕುಳಿತವರ ಪುಸ್ತಕವನ್ನು ತಾವು ಓದುವಿರಿ, ತಮ್ಮದನ್ನು ಅವರು ಓದುವರು.